ಹುಲ್ಲುಬಯಲಿಗೆ ಹೊನಲು ಬೆಳಕು ಬಂದ ವರ್ಷ

ಸಣ್ಣ ಊರಿನ ಬೇಸ್‌ಬಾಲ್ ಕ್ಲಬ್ಬಿಗೆ ಸೋಮವಾರ ಬಂತೆಂದರೆ ಶನಿ ಬಂದಂತೆ. ಭಾನುವಾರ ಮೈದಾನಕ್ಕೆ ಬಂದ ಜನ ಸೋಮವಾರ ಬರುತ್ತಿರಲಿಲ್ಲ. ಮಧ್ಯಾಹ್ನ ಮೂರರ ಬಿಸಿಲಲ್ಲಿ ಒಂಬತ್ತು ಇನಿಂಗ್ಸ್ ನೋಡಿಕೊಂಡು ಕೂರಲು ಯಾರಿಗೆ ಪುರುಸೊತ್ತು? ಅಂಗಡಿಯವನು ಅಂಗಡಿಯಲ್ಲಿ, ರೈತ ಹೊಲದಲ್ಲಿ, ಎಣ್ಣೆಬಾವಿಯ ಕೂಲಿ ಬಾವಿಯ ಹತ್ತಿರ. ಆಟಗಾರರಿಗೆ ಮಾತ್ರ ತಿಂಗಳ ಸಂಬಳ ಕೊಡಲೇಬೇಕು. ನೋಡುವವರಿರಲಿ ಬಿಡಲಿ, ಆಟ ನಡೆಯಲೇಬೇಕು.

1930ರ ಏಪ್ರಿಲ್ 28 ಕೂಡ ಸೋಮವಾರವೇ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಆಗ್ನೇಯ ಮೂಲೆಯಲ್ಲಿ, ವರ್ಡಿಗ್ರಿಸ್ ನದಿಯ ಬದಿಯಲ್ಲಿರುವ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ ಅಂದು ಮಧ್ಯಾಹ್ನ ಆಟವಿರಲಿಲ್ಲ. ಕತ್ತಲಾಗುವವರೆಗೂ ಕಾದರು. ಕತ್ತಲಾದ ಮೇಲೆ ರಿವರ್‌ಸೈಡ್ ಪಾರ್ಕಿನ ಮೈದಾನದ ಸುತ್ತಲಿನ ಕಂಬಗಳಲ್ಲಿ ದೀಪ ಹತ್ತಿದವು. ಊರಿನ ತಂಡ ಪ್ರೊಡ್ಯೂಸರ್ಸ್, ಎದುರಾಳಿ ಒಕ್ಲಹೋಮದ ಮಸ್ಕೋಗಿಯಿಂದ ಬಂದ ಚೀಫ್ಸ್. ಊರಿನವರು 13–3ರಿಂದ ಸೋತು ಮನೆಗೆ ಹೋದರು. ಸಂಘಟಿತ ಬೇಸ್‌ಬಾಲಿನ ಇತಿಹಾಸದಲ್ಲಿ ಲೀಗಿನ ಪಟ್ಟಿಗೆ ಸೇರಿದ ಮೊದಲ ರಾತ್ರಿ ಪಂದ್ಯ ಎಂದು ದಾಖಲಾಗಿರುವುದು ಈ ಪಂದ್ಯವೇ.

ನಾವು ಬದುಕು ಕಟ್ಟಿಕೊಂಡಿರುವ ಈ ಬಯಲುಸೀಮೆಯ ಆಟದ ಬಗ್ಗೆ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ 1930ರ ಋತು. ಕ್ರಿಕೆಟ್ ನೋಡಿ ಬೆಳೆದ ನಮಗೆ ‘ಹೊನಲು ಬೆಳಕಿನ ಪಂದ್ಯ’ ಎಂಬ ಮಾತು ಪತ್ರಿಕೆಗಳ ಕ್ರೀಡಾಪುಟದಿಂದಲೇ ಬಾಯಿಗೆ ಹತ್ತಿದೆ. ಆ ಬೆಳಕು ವೃತ್ತಿಪರ ಬೇಸ್‌ಬಾಲಿನಲ್ಲಿ ನೆಲೆಯೂರಿದ್ದು ನ್ಯೂಯಾರ್ಕಿನಲ್ಲಾಗಲಿ ಷಿಕಾಗೋದಲ್ಲಾಗಲಿ ಅಲ್ಲ, ಈ ಹುಲ್ಲುಬಯಲಿನ ಬಡ ಕ್ಲಬ್ಬುಗಳಲ್ಲಿ ಎಂಬುದು ಇಲ್ಲಿ ಹುಟ್ಟಿ ಬೆಳೆದವರಿಗೂ ಅಷ್ಟಾಗಿ ಗೊತ್ತಿಲ್ಲ. ಆ ಕಥೆಗೆ ಇನ್ನೊಂದು ಮಗ್ಗುಲಿದೆ. ಮೇಲೆ ‘ಸಂಘಟಿತ’ ಎಂಬ ಪದ ಬಂತಲ್ಲ, ಅದರ ಕಡೆಗೆ ಆಮೇಲೆ ಬರುತ್ತೇನೆ.

ಮೈನರ್ ಲೀಗ್ ಎಂದರೆ ಏನೆಂದು ಮೊದಲು ಹೇಳಬೇಕು. ದೊಡ್ಡ ನಗರಗಳ ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್ ಆಟಗಾರರಿಗಾಗಿ ಕಿತ್ತಾಡುತ್ತಿದ್ದ ಕಾಲದಲ್ಲಿ ಸಣ್ಣ ಲೀಗುಗಳ ಮುಖ್ಯಸ್ಥರು 1901ರ ಸೆಪ್ಟೆಂಬರ್ 5ರಂದು ಷಿಕಾಗೋದ ಲಿಲ್ಯಾಂಡ್ ಹೋಟೆಲಿನಲ್ಲಿ ಸೇರಿದರು. ನಾವು ಬೆಳೆಸಿದ ಹುಡುಗರನ್ನು ದೊಡ್ಡವರು ಹೇಳದೆ ಕೇಳದೆ ಎಳೆದುಕೊಂಡು ಹೋದರೆ ನಮ್ಮ ಗತಿಯೇನು ಎಂಬುದು ಅವರ ಚಿಂತೆ. ಅಂದು ಅವರು ಕಟ್ಟಿದ ಒಕ್ಕೂಟವೇ ಮೈನರ್ ಲೀಗುಗಳ ನ್ಯಾಷನಲ್ ಅಸೋಸಿಯೇಷನ್. ಪ್ಯಾಟ್ರಿಕ್ ಪವರ್ಸ್ ಅದರ ಮೊದಲ ಅಧ್ಯಕ್ಷರು. ಲೀಗುಗಳನ್ನು ಎ, ಬಿ, ಸಿ, ಡಿ ಎಂದು ದರ್ಜೆ ಮಾಡಿದರು, ಸಂಬಳಕ್ಕೆ ಮಿತಿ ಹಾಕಿದರು, ಒಂದು ಕ್ಲಬ್ಬಿನ ಆಟಗಾರನನ್ನು ಮತ್ತೊಂದು ಕ್ಲಬ್ಬು ಕರೆದುಕೊಂಡು ಹೋಗದಂತೆ ಕಟ್ಟುಪಾಡು ಮಾಡಿಕೊಂಡರು. ಈ ಕಟ್ಟುಪಾಡಿನ ಒಳಗಿದ್ದದ್ದೆಲ್ಲ ಸಂಘಟಿತ ಬೇಸ್‌ಬಾಲ್.

ಇಂಡಿಪೆಂಡೆನ್ಸ್ ಆಡುತ್ತಿದ್ದ ವೆಸ್ಟರ್ನ್ ಅಸೋಸಿಯೇಷನ್ ಸಿ ದರ್ಜೆಯ ಲೀಗ್. ಕ್ಯಾನ್ಸಸ್, ಒಕ್ಲಹೋಮ, ಮಿಸೂರಿ, ಆರ್ಕನ್ಸಾ ರಾಜ್ಯಗಳು ಒಂದಕ್ಕೊಂದು ತಾಗುವ ಕಡೆಯ ಊರುಗಳು ಅದರಲ್ಲಿದ್ದವು. ಈ ತಂಡಗಳ ಹೆಸರು ಕೇಳಿದರೆ ಸಾಕು, ಊರಿನ ಹೊಟ್ಟೆಪಾಡು ಏನೆಂದು ತಿಳಿದುಬಿಡುತ್ತದೆ. ಜಾಪ್ಲಿನ್‌ನ ಸುತ್ತ ಸೀಸ, ಸತುವಿನ ಗಣಿಗಳು. ಅಲ್ಲಿನ ತಂಡ ಮೈನರ್ಸ್, ಎಂದರೆ ಗಣಿ ಕೆಲಸಗಾರರು. ಇಂಡಿಪೆಂಡೆನ್ಸ್‌ನಲ್ಲಿ ಎಣ್ಣೆ. ಪ್ರೇರಿ ಆಯಿಲ್ ಅಂಡ್ ಗ್ಯಾಸ್ ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ಈ ಊರಲ್ಲೇ. ಹಾಗಾಗಿ ತಂಡ ಪ್ರೊಡ್ಯೂಸರ್ಸ್, ನೆಲದಿಂದ ಎಣ್ಣೆ ತೆಗೆಯುವವರು. ಈ ನೆಲ ಅದಕ್ಕೂ ಮೊದಲು ಒಸೇಜ್ ಜನಾಂಗದ್ದು. 1869ರ ಸುಮಾರಿಗೆ ಇಲ್ಲಿ ಬಂದು ಗುಡಿಸಲು ಕಟ್ಟಿದ ವಲಸೆ ಸಂಸಾರಗಳಲ್ಲಿ ಇಂಗಲ್ಸ್ ಮನೆತನವೂ ಒಂದು. ಆ ಮನೆಯ ಮಗಳು ಲಾರಾ ಮುಂದೆ ಬರೆದ, ಮಕ್ಕಳೆಲ್ಲ ಓದುವ ‘ಲಿಟಲ್ ಹೌಸ್ ಆನ್ ದ ಪ್ರೇರಿ’ಯ ಮನೆ ಈ ಊರಿಗೆ ಕೂಗಳತೆಯಲ್ಲದಿದ್ದರೂ ಗಾಡಿದಾರಿಯಷ್ಟು ಹತ್ತಿರದಲ್ಲಿತ್ತು. ಒಸೇಜರನ್ನು ದಕ್ಷಿಣಕ್ಕೆ, ಇಂದಿನ ಒಕ್ಲಹೋಮಕ್ಕೆ ಕಳಿಸಿದ ಮೇಲೆ ಊರು ಬೆಳೆಯಿತು. ಬೇಸ್‌ಬಾಲ್ ಮೈದಾನ ಬಂದದ್ದು ಆ ಬೆಳವಣಿಗೆಯ ಜೊತೆಯಲ್ಲೇ.

ಕ್ಲಬ್ಬಿನ ಆದಾಯಕ್ಕೆ ಮೂರೇ ದಾರಿ. ಗೇಟಿನಲ್ಲಿ ಬರುವ ಟಿಕೆಟ್ ಹಣ, ಬೇಲಿಯ ಹಲಗೆಗಳ ಮೇಲೆ ಬರೆಸುವ ಜಾಹೀರಾತು, ಮತ್ತು ಚೆನ್ನಾಗಿ ಆಡುವ ಹುಡುಗ ಸಿಕ್ಕಿದರೆ ಅವನನ್ನು ಮೇಲಿನ ದರ್ಜೆಯ ಕ್ಲಬ್ಬಿಗೆ ಮಾರಿದ ಹಣ. ಈ ಕೊನೆಯದು ಕೂಡ ಇಪ್ಪತ್ತರ ದಶಕದಲ್ಲಿ ಸೊರಗತೊಡಗಿತ್ತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕೊಳ್ಳುವ ಬದಲು ಸಣ್ಣ ಕ್ಲಬ್ಬುಗಳನ್ನೇ ಕೊಂಡುಕೊಂಡು ಆಟಗಾರರನ್ನು ಅಲ್ಲೇ ಬೆಳೆಸುವ ಪದ್ಧತಿ ಶುರುಮಾಡಿದ್ದರು. ಸ್ವತಂತ್ರವಾಗಿ ಉಳಿದ ಕ್ಲಬ್ಬಿಗೆ ಗೇಟಿನ ಹಣವೇ ಗತಿ. ಆ ಗೇಟಿಗೂ ಪೈಪೋಟಿ ಬಂದಿತ್ತು. ಷಿಕಾಗೋದ ದೊಡ್ಡ ತಂಡಗಳ ಆಟದ ವಿವರಣೆ ರೇಡಿಯೋದಲ್ಲಿ ಮನೆಗೇ ಬರುತ್ತಿತ್ತು. ಮಾತಾಡುವ ಸಿನಿಮಾ ಬಂದಿತ್ತು. ಸಾಲದ್ದಕ್ಕೆ 1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು. ಗೋಧಿಯ ಬೆಲೆ ಬಿದ್ದರೆ ಈ ಬಯಲಿನಲ್ಲಿ ಬ್ಯಾಂಕಿನಿಂದ ಹಿಡಿದು ಕ್ಷೌರದಂಗಡಿಯವರೆಗೆ ಎಲ್ಲರ ಕೈಯೂ ಕಟ್ಟಿಹೋಗುತ್ತದೆ.

ಅಯೋವಾ ರಾಜ್ಯದ ರಾಜಧಾನಿ ಡೆ ಮೊಯ್ನ್‌ನಲ್ಲಿ ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಬಾಯಿಬಿಟ್ಟು ಹೇಳಿದವರು ಲೀ ಕೈಸರ್. ಅವರ ಡೀಮನ್ಸ್ ತಂಡ ಇನ್ನೂ ಮೇಲಿನ, ಎ ದರ್ಜೆಯ ವೆಸ್ಟರ್ನ್ ಲೀಗಿನದು. ಡೆನ್ವರ್, ಒಮಾಹಾ, ವಿಚಿಟಾ, ಟೊಪೀಕಾ, ಒಕ್ಲಹೋಮ ಸಿಟಿಯಂಥ ಊರುಗಳ ಲೀಗ್ ಅದು. ದರ್ಜೆ ಮೇಲಿನದಾದರೂ ವಾರದ ದಿನಗಳಲ್ಲಿ ಬೆಂಚುಗಳು ಖಾಲಿಯೇ. 1929ರ ಚಳಿಗಾಲದ ವಾರ್ಷಿಕ ಸಭೆಯಲ್ಲಿ ಕೈಸರ್ ಎದ್ದುನಿಂತು, ಬರುವ ವರ್ಷ ತಮ್ಮ ಊರಿನ ಮೊದಲ ಪಂದ್ಯವನ್ನು ರಾತ್ರಿಯೇ, ಮೈದಾನದಲ್ಲೇ ನೆಟ್ಟ ಕಾಯಂ ದೀಪಗಳ ಕೆಳಗೆ ಆಡಿಸುತ್ತೇವೆ ಎಂದು ಘೋಷಿಸಿದರು.

ರಾತ್ರಿ ಆಟ ಅದಕ್ಕೂ ಹಿಂದೆ ಯಾರಿಗೂ ಹೊಳೆದಿರಲಿಲ್ಲ ಎಂದೇನಲ್ಲ. 1880ರಲ್ಲಿ, ಎಡಿಸನ್ನರ ಬಲ್ಬು ಹುಟ್ಟಿ ವರ್ಷ ತುಂಬುವ ಮೊದಲೇ, ಮ್ಯಾಸಚೂಸೆಟ್ಸಿನ ಸಮುದ್ರ ತೀರದಲ್ಲಿ ಬಾಸ್ಟನ್ನಿನ ಎರಡು ದೊಡ್ಡ ಅಂಗಡಿಗಳ ನೌಕರರು ವಿದ್ಯುದ್ದೀಪದ ಬೆಳಕಿನಲ್ಲಿ ಆಡಿ 16–16ರ ಸಮಬಲಕ್ಕೆ ನಿಲ್ಲಿಸಿದ್ದರು. ಅದು ದೀಪದ ಕಂಪನಿಯ ಜಾಹೀರಾತಿಗಾಗಿ ನಡೆದ ಆಟ. 1909ರಲ್ಲಿ ಸಿನ್ಸಿನಾಟಿಯಲ್ಲಿ ಜಾರ್ಜ್ ಕೇಹಿಲ್ ಎಂಬ ಸಂಶೋಧಕರು ತಾವೇ ರೂಪಿಸಿದ ದೀಪಗಳಡಿ ಒಂದು ಪಂದ್ಯ ಆಡಿಸಿ ತೋರಿಸಿದ್ದರು. 1927ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಕಾರ್ಖಾನೆಯಿದ್ದ ಲಿನ್ ಊರಿನಲ್ಲಿ ಇನ್ನೊಂದು ಪ್ರದರ್ಶನ ಪಂದ್ಯ ನಡೆಯಿತು. ಎಲ್ಲವೂ ಜಾತ್ರೆಯ ವಿಶೇಷದ ಹಾಗೆ ಒಂದು ದಿನ ಬೆಳಗಿ ಆರಿಹೋದವು. ದೊಡ್ಡ ನಗರದ ಕ್ಲಬ್ಬುಗಳಿಗೆ ಹಗಲಲ್ಲೇ ಜನ ಬರುತ್ತಿದ್ದರಿಂದ ಅವರಿಗೆ ಈ ಉಸಾಬರಿ ಬೇಕಿರಲಿಲ್ಲ. ಬೇಕಾಗಿದ್ದದ್ದು ಬಯಲಿನ ಕ್ಲಬ್ಬುಗಳಿಗೆ.

ಕೈಸರ್ ಘೋಷಣೆ ಮಾಡಿದರು. ಆದರೆ ಲೀಗಿನ ವೇಳಾಪಟ್ಟಿಯ ಪ್ರಕಾರ ಡೀಮನ್ಸ್ ತಂಡ ಋತುವಿನ ಮೊದಲ ದಿನಗಳನ್ನು ಪರವೂರಿನಲ್ಲಿ ಆಡಬೇಕಿತ್ತು. ಅವರ ಮೈದಾನದಲ್ಲಿ ಮೊದಲ ಪಂದ್ಯ ಮೇ 2ಕ್ಕೆ. ಈ ಸಂದಿಯಲ್ಲಿ ಇಂಡಿಪೆಂಡೆನ್ಸ್‌ನವರು ಮುಂದೆ ಬಂದರು. ಏಪ್ರಿಲ್ 17ರಂದು ಗಡ್ಡ ಬಿಟ್ಟುಕೊಂಡು ಆಡುವ ಹೌಸ್ ಆಫ್ ಡೇವಿಡ್ ಎಂಬ ಧಾರ್ಮಿಕ ಪಂಗಡದ ಸಂಚಾರಿ ತಂಡವನ್ನು ಕರೆಸಿ ದೀಪದಡಿ ಒಂದು ಪ್ರದರ್ಶನ ಪಂದ್ಯ ಆಡಿ ನೋಡಿದರು. ಕೈ ಕುದುರಿತು. ಹನ್ನೊಂದು ದಿನದ ನಂತರದ ಆ ಸೋಮವಾರ ಲೀಗಿನ ಪಂದ್ಯವನ್ನೇ ರಾತ್ರಿಗೆ ಇಟ್ಟುಕೊಂಡರು. ಡೆ ಮೊಯ್ನ್‌ಗಿಂತ ನಾಲ್ಕು ದಿನ ಮೊದಲು.

ಈಗ ‘ಸಂಘಟಿತ’ ಎಂಬ ಆ ಪದದ ವಿಷಯಕ್ಕೆ ಬರುತ್ತೇನೆ.

ಅದೇ ಏಪ್ರಿಲ್ 28ರ ಸೋಮವಾರ ರಾತ್ರಿ, ಇಂಡಿಪೆಂಡೆನ್ಸ್‌ನಿಂದ ನೈರುತ್ಯಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ನೂರೈವತ್ತು ಮೈಲಿಯೊಳಗಿನ ಒಕ್ಲಹೋಮದ ಈನಿಡ್ ಎಂಬ ಊರಿನಲ್ಲೂ ದೀಪಗಳು ಬೆಳಗುತ್ತಿದ್ದವು. ಅಲ್ಲಿ ಆಡಿದವರು ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್. ಎದುರಾಳಿ ಆ ಊರಿನ ಫಿಲಿಪ್ಸ್ ವಿಶ್ವವಿದ್ಯಾಲಯದ ಹುಡುಗರು. ಮೊನಾರ್ಕ್ಸ್ ಕರಿಯ ಆಟಗಾರರ ತಂಡ. 1920ರ ಫೆಬ್ರವರಿಯಲ್ಲಿ ರೂಬ್ ಫಾಸ್ಟರ್ ಕ್ಯಾನ್ಸಸ್ ಸಿಟಿಯ ವೈಎಂಸಿಎ ಕಟ್ಟಡವೊಂದರಲ್ಲಿ ಕ್ಲಬ್ಬುಗಳ ಒಡೆಯರನ್ನು ಕೂಡಿಸಿ ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿದಾಗ ಅದರ ಮೊದಲ ಸದಸ್ಯರಲ್ಲಿ ಈ ತಂಡವೂ ಒಂದು. ಸಂಘಟಿತ ಬೇಸ್‌ಬಾಲ್ ಕರಿಯರನ್ನು ಬಾಗಿಲಾಚೆ ನಿಲ್ಲಿಸಿತ್ತು. ಹಾಗೆಂದು ಬರೆದಿಟ್ಟ ನಿಯಮವೇನೂ ಬೇಕಿರಲಿಲ್ಲ. ಎಲ್ಲ ಒಡೆಯರೂ ಒಂದೇ ಮಾತಿಗೆ ಬದ್ಧರಾಗಿದ್ದರು.

ಮೊನಾರ್ಕ್ಸ್‌ನ ಒಡೆಯರು ಜೆ. ಎಲ್. ವಿಲ್ಕಿನ್ಸನ್. ಅಯೋವಾದ ಬಿಳಿಯ. ಹಿಂದೆ 1912ರಲ್ಲಿ ಡೆ ಮೊಯ್ನ್‌ನಲ್ಲೇ ‘ಆಲ್ ನೇಷನ್ಸ್’ ಎಂಬ ಸಂಚಾರಿ ತಂಡ ಕಟ್ಟಿದ್ದರು. ಬಿಳಿಯರು, ಕರಿಯರು, ಮೂಲನಿವಾಸಿಗಳು, ಕ್ಯೂಬಾದವರು, ಏಷ್ಯಾದವರು ಒಂದೇ ತಂಡದಲ್ಲಿ ಊರೂರು ಸುತ್ತಿ ಆಡುತ್ತಿದ್ದರು. ಇಪ್ಪತ್ತು ವರ್ಷ ಬಯಲಿನ ರಸ್ತೆಗಳಲ್ಲಿ ತಂಡ ಹೊರಡಿಸಿದ ವಿಲ್ಕಿನ್ಸನ್ನರಿಗೆ, ದುಡಿಯುವವರು ಯಾವ ಹೊತ್ತಿಗೆ ಬಿಡುವಾಗುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಒಮಾಹಾದ ಜೈಂಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಗೆ ಹೇಳಿ, ಲಾರಿಗಳ ಮೇಲೆ ಹೊತ್ತು ತಿರುಗಬಹುದಾದ ದೀಪಗಳನ್ನು ಮಾಡಿಸಿದರು. ಅದಕ್ಕಾಗಿ ಇದ್ದದ್ದನ್ನೆಲ್ಲ ಅಡವಿಟ್ಟರು, ಟಾಮ್ ಬೇರ್ಡ್ ಎಂಬವರನ್ನು ಪಾಲುದಾರರಾಗಿ ಸೇರಿಸಿಕೊಂಡರು. ಸಿನಿಮಾಕ್ಕೆ ಮಾತು ಬಂದ ಹಾಗೆ ಬೇಸ್‌ಬಾಲಿಗೆ ದೀಪ ಬರುತ್ತದೆ ಎಂದು ಅವರು ನಂಬಿದ್ದರು.

ಆ ದೀಪಗಳನ್ನು ಕಣ್ಣೆದುರು ತಂದುಕೊಳ್ಳಿ. ಒಂದರೊಳಗೊಂದು ಸೇರಿಕೊಂಡು ಉದ್ದವಾಗುವ ಕಂಬಗಳು. ಎತ್ತಿ ನಿಲ್ಲಿಸಿದರೆ ಐವತ್ತು ಅಡಿಯ ಹತ್ತಿರ. ಒಂದೊಂದರ ತುದಿಯಲ್ಲೂ ನಾಲ್ಕಡಿ ಅಗಲದ ಆರು ದೀಪ. ಕಂಬಗಳ ಬುಡ ಲಾರಿಯ ಮೇಲೇ. ಎಲ್ಲವನ್ನೂ ಜೋಡಿಸಲು ಸುಮಾರು ಎರಡು ಗಂಟೆ ಬೇಕು. ಮೈದಾನದ ಅಂಚಿನಲ್ಲಿ 250 ಅಶ್ವಶಕ್ತಿಯ ಎಂಜಿನ್ನು, ಅದಕ್ಕೆ ತಗಲಿಸಿದ 100 ಕಿಲೋವ್ಯಾಟ್ ಜನರೇಟರ್. ಅದರ ಗದ್ದಲದಲ್ಲಿ ಒಬ್ಬರ ಕೂಗು ಒಬ್ಬರಿಗೆ ಕೇಳದು. ಎತ್ತರಕ್ಕೆ ಹೊಡೆದ ಚೆಂಡು ಇಳಿಯುವಾಗ ‘ನಂದು, ನಂದು’ ಎಂದು ಒಬ್ಬರು ಕೂಗಿದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯುವುದು ಆಟದ ರೂಢಿ. ಇಲ್ಲಿ ಕೂಗೇ ಮುಳುಗಿಹೋಗುತ್ತಿತ್ತು. ದೀಪಕ್ಕಿಂತ ಮೇಲೆ ಹೋದ ಚೆಂಡು ಕತ್ತಲೊಳಗೆ ನುಗ್ಗಿ ಮಾಯವಾಗಿ, ಎಲ್ಲಿಂದಲೋ ಮತ್ತೆ ಉದುರುತ್ತಿತ್ತು. ಆ ಚೆಂಡಿಗಾಗಿ ತಲೆಯೆತ್ತಿ ನಿಂತವರ ಕಣ್ಣಿಗೆ ದೀಪದ ಕುಕ್ಕು.

ಹೀಗಿದ್ದೂ ಜನ ಬಂದರು, ಸಾಲುಗಟ್ಟಿ ಬಂದರು. ಆ ವರ್ಷ ಮೊನಾರ್ಕ್ಸ್ ದೀಪ ಹೊತ್ತುಕೊಂಡು ಹೋಗಿ ಎಷ್ಟೋ ಊರುಗಳಿಗೆ ಮೊದಲ ರಾತ್ರಿ ಆಟ ತೋರಿಸಿತು. ಜುಲೈನಲ್ಲಿ ಪಿಟ್ಸ್‌ಬರ್ಗಿನ ಫೋರ್ಬ್ಸ್ ಫೀಲ್ಡ್‌ನಲ್ಲಿ, ದೊಡ್ಡ ಲೀಗಿನ ಆ ಮೈದಾನದಲ್ಲಿ, ಹೋಮ್‌ಸ್ಟೆಡ್ ಗ್ರೇಸ್ ತಂಡದೊಂದಿಗೆ ಆಡಿತು. ಬಿಳಿಯರ ದೊಡ್ಡ ಲೀಗ್ ದೀಪದಡಿ ಆಡುವುದಕ್ಕೆ ಇನ್ನೂ ಐದು ವರ್ಷ ಬಾಕಿಯಿತ್ತು. ಆಗಸ್ಟ್‌ನಲ್ಲಿ ಅದೇ ಗ್ರೇಸ್ ತಂಡ ಕ್ಯಾನ್ಸಸ್ ಸಿಟಿಗೆ ಬಂದಿತು. ಮೊನಾರ್ಕ್ಸ್ ಪರ ಚೆಂಡೆಸೆದವರು ಚೆಟ್ ಬ್ರೂವರ್, ಗ್ರೇಸ್ ಪರ ನಲವತ್ತು ದಾಟಿದ ಸ್ಮೋಕಿ ಜೋ ವಿಲಿಯಮ್ಸ್. ಒಂಬತ್ತು ಇನಿಂಗ್ಸ್ ಮುಗಿದರೂ ಯಾರೂ ಒಂದು ರನ್ ಮಾಡಲಿಲ್ಲ. ಹನ್ನೆರಡನೆಯ ಇನಿಂಗ್ಸ್‌ನಲ್ಲಿ ಗ್ರೇಸ್ 1–0ಯಿಂದ ಗೆದ್ದಿತು. ಬ್ಯಾಟು ಹಿಡಿದು ನಿಂತವನು ಮೂರು ಸಲ ತಪ್ಪಿದರೆ ಸ್ಟ್ರೈಕ್‌ಔಟ್. ಬ್ರೂವರ್ ಅಂಥ 19 ಮಂದಿಯನ್ನು ಕಳಿಸಿದರು. ವಿಲಿಯಮ್ಸ್ ಕಳಿಸಿದ್ದು 27 ಮಂದಿಯನ್ನು, ಕೊಟ್ಟದ್ದು ಒಂದೇ ಹಿಟ್. ಹನ್ನೆರಡು ಇನಿಂಗ್ಸ್‌ಗೆ 36 ಔಟ್ ಬೇಕು. ಅದರಲ್ಲಿ 27ನ್ನು ಒಬ್ಬರೇ, ಉಳಿದ ಎಂಟು ಮಂದಿಗೆ ಕೆಲಸವಿಲ್ಲದಂತೆ. ಲಾರಿ ದೀಪದ ಮಂದ ಬೆಳಕು ಎಸೆಯುವವರಿಗೆ ಅನುಕೂಲವೇ ಆಗಿತ್ತು, ನಿಜ. ಆ ಬೆಳಕು ಎರಡು ಕಡೆಯವರಿಗೂ ಒಂದೇ ಆಗಿತ್ತಲ್ಲ! ಬಯಲಿನ ದೀಪಗಳ ಕೆಳಗೆ ನಡೆದ ಎಲ್ಲ ಪಂದ್ಯಗಳಲ್ಲಿ ಕಾಲಯಂತ್ರ ಸಿಕ್ಕರೆ ಒಂದನ್ನೇ ನೋಡಿ ಬರಬಹುದು ಎಂದರೆ ನಾನು ಇದಕ್ಕೇ ಹೋಗುತ್ತೇನೆ.

ಡೆ ಮೊಯ್ನ್‌ನ ರಾತ್ರಿ ಬೇರೆಯೇ ಬಗೆಯ ಸಂಭ್ರಮ. ಮೇ 2, ಶುಕ್ರವಾರ. ಕೈಸರ್ ತಮ್ಮ ಮೈದಾನದಲ್ಲಿ 90 ಅಡಿ ಎತ್ತರದ ಆರು ಗೋಪುರಗಳನ್ನು ನಿಲ್ಲಿಸಿ, ಜನರಲ್ ಎಲೆಕ್ಟ್ರಿಕ್‌ನ 146 ದೀಪಗಳನ್ನು ಕೂರಿಸಿದ್ದರು. ಬೆಳಕಿನ ಬಲ ಐದು ಕೋಟಿ ಮೂವತ್ತು ಲಕ್ಷ ಕ್ಯಾಂಡಲ್ ಎಂದು ಪತ್ರಿಕೆಗಳು ಬರೆದವು. ಸುಮಾರು 20,000 ಡಾಲರ್ ಖರ್ಚು. ಆ ಹೊತ್ತಿನಲ್ಲಿ ಅಂಥ ಕ್ಲಬ್ಬೊಂದು ಹಾಗೆ ಕೈಬಿಚ್ಚಿ ಖರ್ಚು ಮಾಡುವುದೆಂದರೆ ಮನೆಮಠ ಒತ್ತೆಯಿಟ್ಟಂತೆಯೇ. ಬೇಸ್‌ಬಾಲಿನ ಸರ್ವಾಧಿಕಾರಿಯೆನಿಸಿದ್ದ ಕಮಿಷನರ್ ಲ್ಯಾಂಡಿಸ್ ನೋಡಲು ಬಂದಿದ್ದರು. ಎನ್‌ಬಿಸಿ ರೇಡಿಯೋ ದೇಶದುದ್ದಕ್ಕೂ ವಿವರಣೆ ಬಿತ್ತರಿಸಿತು. ವಾರದ ದಿನ ಕೆಲವು ನೂರು ಮಂದಿ ಕಂಡರೆ ಹೆಚ್ಚು ಎನ್ನುತ್ತಿದ್ದ ಮೈದಾನಕ್ಕೆ ಅಂದು 12,000ಕ್ಕೂ ಹೆಚ್ಚು ಜನ ನುಗ್ಗಿದರು. ಡೀಮನ್ಸ್ ವಿಚಿಟಾ ತಂಡವನ್ನು 13–6ರಿಂದ ಸೋಲಿಸಿತು.

ಅಲ್ಲಿಂದ ಮುಂದೆ ಕಾಳ್ಗಿಚ್ಚಿನಂತೆ ಹಬ್ಬಿತು. ಜೂನ್‌ನಲ್ಲಿ ಇಂಡಿಯಾನಾಪೊಲಿಸ್, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ, ಜುಲೈನಲ್ಲಿ ಬಫಲೊ. ಒಂದು ಋತು ಮುಗಿಯುವುದರೊಳಗೆ ದೀಪ ಹಾಕಿಸಿದ ಮೈನರ್ ಲೀಗ್ ಊರುಗಳ ಪಟ್ಟಿ ಉದ್ದವಾಗಿತ್ತು.

ಗೊಣಗಿದವರು ಕಡಿಮೆಯಿರಲಿಲ್ಲ. ರಾತ್ರಿ ಹತ್ತರವರೆಗೆ ಆಡಿ, ಮೈ ತೊಳೆದು, ಸಿಕ್ಕ ಹೋಟೆಲಿನಲ್ಲಿ ಉಂಡು, ಬೆಳಗಿನ ಗಾಡಿ ಹಿಡಿದು ಮುಂದಿನ ಊರಿಗೆ ಹೋಗುವ ಆಟಗಾರರ ನಿದ್ರೆ, ಊಟ ಎರಡೂ ಕೆಟ್ಟವು. ಬಯಲಿನ ಬೇಸಿಗೆಯ ರಾತ್ರಿಯಲ್ಲಿ ದೀಪ ಹತ್ತಿತೆಂದರೆ ಹುಳು ಹುಪ್ಪಟೆಗಳು ಎಲ್ಲಿಂದಲೋ ಮೋಡದಂತೆ ಇಳಿದು ಬರುತ್ತವೆ. ಈ ಸೀಮೆಯಲ್ಲಿ ಜುಲೈ ಕಳೆದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹುಲ್ಲಿನ ಮೇಲೆ ಮಂಜು ಬಿದ್ದು ಚೆಂಡು ಜಾರುತ್ತದೆ. ಮಣ್ಣು ಮೆತ್ತಿದ ಚೆಂಡು ಅರೆಬೆಳಕಿನಲ್ಲಿ ಕಾಣದೆ ಬ್ಯಾಟು ಹಿಡಿದವನ ಜೀವಕ್ಕೇ ಅಪಾಯ. ದೊಡ್ಡ ಲೀಗಿನ ಒಡೆಯರಿಗೆ ಇದು ಸೇರಲೇ ಇಲ್ಲ. ಬೇಸ್‌ಬಾಲ್ ಎಂದರೆ ಹಗಲಿನ ಆಟ, ದೀಪವೆಲ್ಲ ಹಳ್ಳಿಗಾಡಿನ ಗಿಮಿಕ್ಕು ಎಂಬ ಧೋರಣೆ. ವಾಷಿಂಗ್ಟನ್ ತಂಡದ ಕ್ಲಾರ್ಕ್ ಗ್ರಿಫಿತ್ ಅದನ್ನು ಬಹಿರಂಗವಾಗಿಯೇ ವಿರೋಧಿಸುತ್ತಿದ್ದರು. ಮುಂದೆ 1941ರಲ್ಲಿ ಅವರ ಮೈದಾನಕ್ಕೂ ದೀಪ ಬಂದ ಮೇಲೆ ಅವರೇ ಅದರ ದೊಡ್ಡ ಪ್ರತಿಪಾದಕರಾದರು.

ದೊಡ್ಡ ಲೀಗಿಗೆ ದೀಪ ಕೊಂಡೊಯ್ದವರೂ ಮೈನರ್ ಲೀಗಿನಲ್ಲಿ ಪಳಗಿದವರೇ. ಲ್ಯಾರಿ ಮ್ಯಾಕ್‌ಫೇಲ್ ಒಹಾಯೊದ ಕೊಲಂಬಸ್ ಕ್ಲಬ್ಬನ್ನು ನಡೆಸುವಾಗ 1932ರಲ್ಲಿ ಅಲ್ಲಿ ದೀಪ ಹಾಕಿಸಿದ್ದರು. ಸಿನ್ಸಿನಾಟಿ ರೆಡ್ಸ್‌ಗೆ ಬಂದಮೇಲೆ ಉಳಿದ ಒಡೆಯರನ್ನು ಒಪ್ಪಿಸಿ ಒಂದು ಋತುವಿಗೆ ಏಳು ರಾತ್ರಿ ಪಂದ್ಯಗಳ ಅನುಮತಿ ಪಡೆದರು. 1935ರ ಮೇ 24ರಂದು ಅಧ್ಯಕ್ಷ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಕುಳಿತು ಒಂದು ಗುಂಡಿ ಒತ್ತಿದರು, ಸಿನ್ಸಿನಾಟಿಯಲ್ಲಿ ದೀಪ ಹತ್ತಿತು. 20,422 ಜನರ ಎದುರು ರೆಡ್ಸ್ ಫಿಲಡೆಲ್ಫಿಯಾವನ್ನು 2–1ರಿಂದ ಸೋಲಿಸಿತು. ಷಿಕಾಗೋದ ರಿಗ್ಲಿ ಫೀಲ್ಡ್ ಮಾತ್ರ 1988ರವರೆಗೂ ಹಗಲಿಗೇ ಅಂಟಿಕೊಂಡಿತ್ತು. ಅಲ್ಲಿಗೆಂದು 1941ರಲ್ಲೇ ತರಿಸಿದ್ದ ದೀಪದ ಸಾಮಾನುಗಳನ್ನು ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ಯುದ್ಧದ ಕೆಲಸಕ್ಕೆ ಕೊಟ್ಟುಬಿಟ್ಟಿದ್ದರು.

ದೀಪ ಹಚ್ಚಿದ ಬಯಲಿನ ಕ್ಲಬ್ಬುಗಳೇನಾದವು? ನೇರವಾಗಿ ಹೇಳಬೇಕೆಂದರೆ ದೀಪ ಅವುಗಳಿಗೆ ಕೆಲವು ವರ್ಷಗಳ ಉಸಿರು ಕೊಟ್ಟಿತು, ಪೂರ್ತಿ ಉಳಿಸಲಿಲ್ಲ. ಆರ್ಥಿಕ ಕುಸಿತದ ಏಟು ಅಷ್ಟು ದೊಡ್ಡದಾಗಿತ್ತು. 1933ರ ಹೊತ್ತಿಗೆ ಇಡೀ ದೇಶದಲ್ಲಿ ಆಟ ಶುರುಮಾಡಿದ ಮೈನರ್ ಲೀಗುಗಳು 14 ಮಾತ್ರ. ಡೆ ಮೊಯ್ನ್ ಆಡುತ್ತಿದ್ದ ವೆಸ್ಟರ್ನ್ ಲೀಗ್ 1937ರ ಋತುವಿನೊಂದಿಗೆ ನಿಂತುಹೋಯಿತು. ಪ್ರೊಡ್ಯೂಸರ್ಸ್ ಅದಕ್ಕೂ ಮೊದಲೇ ಮುಚ್ಚಿತ್ತು. ಆದರೆ ಉಳಿದ ಲೀಗುಗಳು ಉಳಿದದ್ದು, ಮುಚ್ಚಿದ್ದವು ಮತ್ತೆ ತೆರೆದದ್ದು ರಾತ್ರಿಯ ಗೇಟಿನ ಹಣದಿಂದಲೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಗಲು ದುಡಿಯುವ ಊರಿಗೆ ದಿನವೂ ಹಗಲಲ್ಲೇ ಆಟ ಮಾರಲು ಹೊರಟರೆ ಯಾವ ಸಂಸ್ಥೆಯೂ ಬಾಳುತ್ತಿರಲಿಲ್ಲ.

ಇಂಡಿಪೆಂಡೆನ್ಸ್‌ಗೆ ಎರಡನೆಯ ಮಹಾಯುದ್ಧದ ನಂತರ ಮತ್ತೆ ತಂಡ ಬಂತು. ಈ ಸಲ ನ್ಯೂಯಾರ್ಕ್ ಯಾಂಕೀಸ್‌ನ ಕೈಕೆಳಗಿನ ಡಿ ದರ್ಜೆಯ ತಂಡ. ಕ್ಯಾನ್ಸಸ್, ಒಕ್ಲಹೋಮ, ಮಿಸೂರಿ ಮೂರೂ ರಾಜ್ಯಗಳ ಮೊದಲಕ್ಷರ ಸೇರಿಸಿ ಹೆಸರಿಟ್ಟ ಕೆ-ಒ-ಎಂ ಲೀಗಿನಲ್ಲಿ ಅದರ ಆಟ. 1949ರ ಬೇಸಿಗೆಯಲ್ಲಿ ಆ ತಂಡಕ್ಕೆ ಹದಿನೇಳು ವರ್ಷದ ಹುಡುಗನೊಬ್ಬ ಶಾರ್ಟ್‌ಸ್ಟಾಪ್ ಆಗಿ ಬಂದ. ಒಕ್ಲಹೋಮದ ಕಾಮರ್ಸ್ ಊರಿನವನು, ತಂದೆ ಸೀಸ, ಸತುವಿನ ಗಣಿಯಲ್ಲಿ ದುಡಿಯುವವರು. ಹುಡುಗನ ಹೆಸರು ಮಿಕ್ಕಿ ಮ್ಯಾಂಟಲ್. ಯಾಂಕೀಸ್‌ಗಾಗಿ ಪ್ರತಿಭೆ ಹುಡುಕುತ್ತ ಬಯಲಿನ ಮೈದಾನಗಳನ್ನೆಲ್ಲ ಸುತ್ತುತ್ತಿದ್ದ ಟಾಮ್ ಗ್ರೀನ್‌ವೇಡ್ ಸಂಬಳ, ಬೋನಸ್ಸು ಸೇರಿ 1,500 ಡಾಲರಿಗೆ ಅವನ ಸಹಿ ಹಾಕಿಸಿಕೊಂಡಿದ್ದರು. ಆ ಋತುವಿನಲ್ಲಿ ಅವನು 89 ಪಂದ್ಯ ಆಡಿದ, ಏಳು ಹೋಮ್ ರನ್ ಹೊಡೆದ, ತಂಡ ಪ್ರಶಸ್ತಿ ಗೆದ್ದಿತು. ವೃತ್ತಿಜೀವನದ ಮೊದಲ ಹೋಮ್ ರನ್ ಜೂನ್ 30ರಂದು, ಹತ್ತೊಂಬತ್ತು ವರ್ಷ ಹಿಂದೆ ಆ ಸೋಮವಾರ ದೀಪ ಹತ್ತಿದ ಮೈದಾನದಲ್ಲೇ. ಮುಂದೆ ಅವನು ಯಾಂಕೀಸ್‌ಗೆ ಏನಾದ ಎಂಬುದನ್ನು ಬೇಸ್‌ಬಾಲ್ ಬಲ್ಲ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಆ ಮೈದಾನದ ಪ್ರೇಕ್ಷಕರ ಹಳೆಯ ಚಾವಣಿ ಕಟ್ಟಡವನ್ನು 2015ರಲ್ಲಿ ಕೆಡವಿದರು.

ಮೊನಾರ್ಕ್ಸ್ ದೀಪದ ಲಾರಿಗಳನ್ನು ಇನ್ನೂ ಹಲವು ವರ್ಷ ಓಡಿಸಿತು. ತಾನು ಆಡದ ದಿನ ಹೌಸ್ ಆಫ್ ಡೇವಿಡ್‌ನಂಥ ತಂಡಗಳಿಗೆ ಬಾಡಿಗೆಗೆ ಕೊಟ್ಟಿತು. ಚೆಂಡೆಸೆತಕ್ಕೆ ಹೆಸರಾದ ಸ್ಯಾಚೆಲ್ ಪೇಜ್ ಮೊನಾರ್ಕ್ಸ್ ತಂಡದಲ್ಲಿ ಆಡಿದರು. 1945ರಲ್ಲಿ ಜಾಕಿ ರಾಬಿನ್ಸನ್ ಆಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ, ಆಗ ಬ್ರೂಕ್ಲಿನ್ ತಂಡದಲ್ಲಿದ್ದ ಅದೇ ಬ್ರಾಂಚ್ ರಿಕಿ ರಾಬಿನ್ಸನ್ನರನ್ನು ಕರೆಸಿಕೊಂಡು ಬಣ್ಣದ ಗೋಡೆ ಒಡೆದರು. ಅದಕ್ಕಾಗಿ ವಿಲ್ಕಿನ್ಸನ್ನರಿಗೆ ಒಂದು ಡಾಲರನ್ನೂ ಕೊಡಲಿಲ್ಲ. 1901ರಲ್ಲಿ ಲಿಲ್ಯಾಂಡ್ ಹೋಟೆಲಿನಲ್ಲಿ ಸಣ್ಣ ಕ್ಲಬ್ಬುಗಳು ತಮ್ಮ ಆಟಗಾರರಿಗಾಗಿ ಕಟ್ಟಿಕೊಂಡ ರಕ್ಷಣೆ, ಆ ಒಕ್ಕೂಟದ ಹೊರಗೆ ನಿಲ್ಲಿಸಿದ್ದ ಕ್ಲಬ್ಬಿಗೆ ಅನ್ವಯಿಸುತ್ತಿರಲಿಲ್ಲ. ವಿಲ್ಕಿನ್ಸನ್ ದೊಡ್ಡ ತಕರಾರು ತೆಗೆಯಲಿಲ್ಲ. ಅವರು ತೀರಿಹೋಗಿ ಎಷ್ಟೋ ವರ್ಷದ ನಂತರ, 2006ರಲ್ಲಿ, ಅವರ ಹೆಸರು ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ಸೇರಿತು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸಂಸ್ಥೆ 1920ರಿಂದ 1948ರವರೆಗಿನ ಏಳು ನೀಗ್ರೊ ಲೀಗುಗಳನ್ನು ದೊಡ್ಡ ಲೀಗುಗಳೇ ಎಂದು ಒಪ್ಪಿಕೊಂಡಿತು. 2024ರಲ್ಲಿ ಅಲ್ಲಿನ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿದರು. ಮೊನಾರ್ಕ್ಸ್ ತಂಡದ 1930ರ ಲೀಗ್ ಪಂದ್ಯಗಳು ಈಗ ಆ ಪುಸ್ತಕದಲ್ಲಿವೆ.

ಈನಿಡ್‌ನ ಆ ಸೋಮವಾರ ರಾತ್ರಿಯ ಪಂದ್ಯ ಕಾಲೇಜು ಹುಡುಗರೊಂದಿಗೆ ಆಡಿದ ಪ್ರದರ್ಶನ ಪಂದ್ಯ. ಯಾವ ಲೀಗಿನ ಲೆಕ್ಕಕ್ಕೂ ಅದು ಇಂದಿಗೂ ಸೇರಿಲ್ಲ.